ಮುತ್ತಜ್ಜನ ಫೋರ್ಡ್ ಪೆಟ್ಟಿಗೆಯಲ್ಲೇ ಘಾಟಿ ಹತ್ತಿತೇ?

ಓದುಗರ ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳೇ ತೋಟದ ಮನೆ. 1924ರಲ್ಲಿ ನಮ್ಮ ಮುತ್ತಜ್ಜ ಫೋರ್ಡ್ ಕಾರು ತರಿಸಿದ್ದರಂತೆ. ಇಡೀ ಕಾರು ಮರದ ಪೆಟ್ಟಿಗೆಯಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬಂದು, ಮಂಗಳೂರಿನಲ್ಲಿ ಇಳಿದು, ಪೆಟ್ಟಿಗೆ ಸಮೇತ ಎತ್ತಿನ ಗಾಡಿಯಲ್ಲಿ ಚಾರ್ಮಾಡಿ ಘಾಟಿ ಹತ್ತಿತಂತೆ. ಅಂಗಳದಲ್ಲಿ ಪೆಟ್ಟಿಗೆ ಒಡೆದು, ಪೆಟ್ರೋಲ್ ಹುಯ್ದು, ಹ್ಯಾಂಡಲ್ ತಿರುಗಿಸಿದ್ದೇ ತಡ, ಕಾರು ಹೊರಟಿತಂತೆ. ಕಾರು ನಾನು ಹುಟ್ಟುವ ಮೊದಲೇ ಗುಜರಿಗೆ ಹೋಗಿದೆ. ಈಚೆಗೆ ಅಡುಗೆಮನೆ ಮೇಲಿನ ಅಟ್ಟ ರಿಪೇರಿ ಮಾಡಿಸುವಾಗ ಒಂಬತ್ತು ಹಲಗೆ, ಐದಡಿಯ ಒಂದು ದಪ್ಪ ತೊಲೆ ಸಿಕ್ಕವು. ಎರಡು ಉದ್ದ ಹಲಗೆಗಳ ಮೇಲೆ ಇಂಗ್ಲಿಷಿನ ಕಪ್ಪು ಅಕ್ಷರಗಳಿವೆ. ಒಂದರಲ್ಲಿ 'ಫೋರ್ಡ್', ಪಕ್ಕದಲ್ಲಿ 'ಓ ಎನ್ ಟಿ'. ಇನ್ನೊಂದರಲ್ಲಿ 'ಬಾಂಬೆ', ಕೆಳಗೆ ಅಳಿಸಿಹೋದ ಅಂಕಿಗಳು. ಆ ಪೆಟ್ಟಿಗೆಯ ಮರವನ್ನೇ ಫೋರ್ಡ್ ಕಂಪನಿ ಕಾರಿನ ಕಾಲಡಿ ಹಲಗೆಗೆ ಬಳಸುತ್ತಿತ್ತು ಅಂತ ನಮ್ಮ ಚಿಕ್ಕಪ್ಪ ಹೇಳುತ್ತಾರೆ. ಬೆಂಗಳೂರಿನ ಒಬ್ಬರು ಎಲ್ಲ ಹಲಗೆಗೂ ಒಳ್ಳೆ ಬೆಲೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಮೆಲ್ಬರ್ನ್‌ನಲ್ಲಿರುವ ಮಗ, ಪಾಲಿಶ್ ಹಾಕಿಸಿ ಒಂದನ್ನು ತನಗೆ ಕಳಿಸಿ ಅನ್ನುತ್ತಾನೆ. ಇದು ನಿಜವಾಗಿ ಕಾರಿನ ಪೆಟ್ಟಿಗೆಯೇ? ನಾವು ಹೇಳಿಕೊಂಡು ಬಂದ ಕಥೆ ನಿಜವೇ? ಫೋಟೋ ಕಳಿಸಿದ್ದೇನೆ.

ಉತ್ತರ: ನೀವು ಕೇಳಿದ್ದು ಹಲಗೆ ಬಗ್ಗೆಯಾದರೂ ನಿಮ್ಮ ಕಳವಳ ಬೇರೆ ಅನ್ನಿಸಿತು. ನಾಲ್ಕು ತಲೆಮಾರು ಹೇಳಿಕೊಂಡು ಬಂದ ಮಾತು ಸುಳ್ಳಾಗಿಬಿಟ್ಟರೆ ಅನ್ನುವ ಅಳುಕು. ಅಷ್ಟು ಹೆದರಬೇಕಿಲ್ಲ. ಹಳೇ ಕಾರು ಬಿಚ್ಚಿ ಜೋಡಿಸುವುದೇ ಕಸುಬಾಗಿ ಮೂವತ್ತು ವರ್ಷ ಕಳೆದಿದ್ದೇನೆ. ಇಂಥ ಕಥೆ ಪೂರ್ತಿ ಸುಳ್ಳಾಗಿದ್ದನ್ನು ಕಂಡದ್ದು ಕಡಿಮೆ, ಪೂರ್ತಿ ನಿಜವಾಗಿದ್ದನ್ನು ಕಂಡದ್ದು ಇನ್ನೂ ಕಡಿಮೆ. ನಿಮ್ಮ ಕಥೆಯಲ್ಲಿ ಪೆಟ್ಟಿಗೆ ಗಟ್ಟಿ. ಎತ್ತಿನ ಗಾಡಿಯ ಮೇಲೆ ನನಗೆ ಅನುಮಾನ.

ಮೊದಲು ಹಡಗಿನ ಬಾಡಿಗೆಯ ಲೆಕ್ಕ ನೋಡೋಣ. ಇದು ಗೊತ್ತಾದರೆ ಪೆಟ್ಟಿಗೆ ಯಾಕೆ ಆ ಆಕಾರದಲ್ಲಿ ಇರುತ್ತಿತ್ತು ಅನ್ನುವುದು ತಾನೇ ಗೊತ್ತಾಗುತ್ತದೆ. ಹಡಗಿನವರು ಸಾಮಾನಿನ ತೂಕ ನೋಡಿಯೂ ಬಾಡಿಗೆ ಹಾಕಬಹುದಿತ್ತು, ಅದು ಹಿಡಿಯುವ ಜಾಗ ನೋಡಿಯೂ ಹಾಕಬಹುದಿತ್ತು. ಯಾವುದರಲ್ಲಿ ಹೆಚ್ಚು ಹುಟ್ಟುತ್ತದೋ ಆ ಲೆಕ್ಕ. ಜಾಗದ ಲೆಕ್ಕದಲ್ಲಿ 40 ಘನ ಅಡಿ ಅಂದರೆ ಒಂದು ಟನ್. ಕಬ್ಬಿಣದ ಸಲಾಕೆಗೆ ತೂಕ, ಹತ್ತಿಗೆ ಜಾಗ. ಕಾರು ಕಬ್ಬಿಣದ್ದಾದರೂ ಹಡಗಿನವರ ಕಣ್ಣಿಗೆ ಹತ್ತಿಯೇ, ಒಳಗೆಲ್ಲ ಗಾಳಿ.

ನಿಮ್ಮ ಮುತ್ತಜ್ಜನ ಕಾರು 1924ರದಾದರೆ ಅದು ಮಾಡೆಲ್ ಟಿ. ಆ ಕಾಲದಲ್ಲಿ ಫೋರ್ಡ್ ಮಾಡುತ್ತಿದ್ದ ಕಾರು ಅದೊಂದೇ. ತೂಕ ಸುಮಾರು ಅರ್ಧ ಟನ್ನು, ಮೇಲೆ ಸ್ವಲ್ಪ. ಅದನ್ನು ನಿಂತ ಹಾಗೇ ಪೆಟ್ಟಿಗೆಗೆ ಹಾಕಲು 12 ಅಡಿ ಉದ್ದ, 6 ಅಡಿ ಅಗಲ, 7 ಅಡಿ ಎತ್ತರ ಬೇಕು ಅಂತಿಟ್ಟುಕೊಳ್ಳಿ. 504 ಘನ ಅಡಿ, ಹನ್ನೆರಡೂವರೆ ಟನ್ನಿನ ಬಾಡಿಗೆ. ಈಗ ನಾಲ್ಕೂ ಚಕ್ರ ಬಿಚ್ಚಿ, ಮಡ್‌ಗಾರ್ಡ್ ತೆಗೆದು, ಮೇಲಿನ ಕ್ಯಾನ್ವಾಸ್ ಹುಡ್ ಮಡಚಿ, ಗಾಜಿನ ಚೌಕಟ್ಟು, ಸ್ಟಿಯರಿಂಗ್ ಕಳಚಿ ಕೂರಿಸಿ. 10 ಅಡಿ, 5 ಅಡಿ, 4 ಅಡಿ ಸಾಕು ಅಂತಿಟ್ಟುಕೊಂಡರೆ 200 ಘನ ಅಡಿ, ಐದು ಟನ್ನು. ಇದು ನನ್ನ ಕೈಲೆಕ್ಕ, ಕಂಪನಿಯ ಅಳತೆಯಲ್ಲ. ಆದರೆ ದಾರಿ ಇದೇ. ಒಂದು ಗಂಟೆ ಸ್ಪ್ಯಾನರ್ ತಿರುಗಿಸಿದರೆ ಬಾಡಿಗೆ ಅರ್ಧಕ್ಕಿಂತ ಕೆಳಗೆ. ಪೆಟ್ಟಿಗೆಯ ಅಳತೆ ಬಡಗಿಗಿಂತ ಮೊದಲು ಗುಮಾಸ್ತನಿಗೆ ಗೊತ್ತಿರುತ್ತಿತ್ತು ಅಂತ ನಾನು ತಮಾಷೆ ಮಾಡುವುದುಂಟು.

ಈ ಲೆಕ್ಕವನ್ನೇ ಇನ್ನೂ ಎಳೆದರೆ ಮುಂದಿನ ಹೆಜ್ಜೆ ಕಾಣುತ್ತದೆ. ಒಂದು ಕಾರಿಗೆ ಒಂದು ಪೆಟ್ಟಿಗೆ ಯಾಕೆ? ಹತ್ತು ಕಾರಿನ ಮಡ್‌ಗಾರ್ಡುಗಳನ್ನು ದೊನ್ನೆಯೊಳಗೆ ದೊನ್ನೆ ಇಟ್ಟ ಹಾಗೆ ಜೋಡಿಸಿ ಒಂದೇ ಪೆಟ್ಟಿಗೆಗೆ ತುಂಬಬಹುದು. ಎಂಜಿನ್‌ಗಳು ಒಂದರಲ್ಲಿ, ಚಕ್ರಗಳು ಒಂದರಲ್ಲಿ. ಆದರೆ ಹಾಗೆ ಕಳಿಸಿದ ಮೇಲೆ ಆ ಕಡೆ ಜೋಡಿಸುವವರು ಬೇಕು, ಅಂದರೆ ಅಲ್ಲೊಂದು ಕಾರ್ಖಾನೆ ಬೇಕು. ಫೋರ್ಡ್ 1911ರಲ್ಲೇ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಟ್ರ್ಯಾಫರ್ಡ್ ಪಾರ್ಕಿನಲ್ಲಿ ಜೋಡಣೆ ಶುರು ಮಾಡಿತು. ಆಸ್ಟ್ರೇಲಿಯಾದ್ದು ಇನ್ನೊಂದು ಕಥೆ. ಮೊದಲ ಮಹಾಯುದ್ಧದ ವೇಳೆ ಹಡಗಿನಲ್ಲಿ ಜಾಗವಿಲ್ಲ ಅಂತ 1917ರಲ್ಲಿ ಅಲ್ಲಿನ ಸರ್ಕಾರ ಕಾರಿನ ಬಾಡಿ ತರಿಸುವುದಕ್ಕೆ ಕಡಿವಾಣ ಹಾಕಿತು. ಷಾಸಿ, ಅಂದರೆ ಎಂಜಿನ್ ಹೊತ್ತ ಬುಡದ ಚೌಕಟ್ಟು, ಬರಲಿ, ಬಾಡಿ ಇಲ್ಲೇ ಕಟ್ಟಿಕೊಳ್ಳಿ ಅಂತ. ಅಡಿಲೇಡಿನಲ್ಲಿ ಕುದುರೆ ಜೀನು ಹೊಲಿಯುತ್ತಿದ್ದ ಹೋಲ್ಡನ್ ಮನೆತನ ದೊಡ್ಡ ಮಟ್ಟದಲ್ಲಿ ಕಾರಿನ ಬಾಡಿ ಕಟ್ಟಲು ಇಳಿದದ್ದು ಆಗಲೇ. ನಿಮ್ಮ ಮಗನಿಗೆ ಹೇಳಿ, ಅವನಿರುವ ದೇಶದ ಕಾರು ಉದ್ಯಮ ಬೆಳೆದದ್ದರಲ್ಲಿ ಹಡಗಿನ ಜಾಗದ ಜಗಳಕ್ಕೂ ಪಾಲಿದೆ.

ಇಂಡಿಯಾಕ್ಕೆ ಈ ಹೆಜ್ಜೆ ಬಂದದ್ದು ಸ್ವಲ್ಪ ತಡವಾಗಿ. ಫೋರ್ಡ್ ಇಂಡಿಯಾ ಕಂಪನಿ ಹುಟ್ಟಿದ್ದು 1926ರಲ್ಲಿ. ಷೆವರ್ಲೆ ಕಾರಿನ ಕಂಪನಿಯಾದ ಜನರಲ್ ಮೋಟಾರ್ಸ್ ಮುಂಬೈಯಲ್ಲಿ ಕಾರು ಜೋಡಿಸಲು ಶುರು ಮಾಡಿದ್ದು 1928ರಲ್ಲಿ. ನಮ್ಮಜ್ಜನ ಷೆವರ್ಲೆ ಪೆಟ್ಟಿಗೆಯಲ್ಲಿ ಬಂತು, 1932ರಲ್ಲಿ, ಅಂತ ಯಾರಾದರೂ ಹೇಳಿದರೆ ನಾನು ಮೆಲ್ಲಗೆ ತಲೆ ಅಲ್ಲಾಡಿಸುತ್ತೇನೆ. ಆ ಹೊತ್ತಿಗೆ ಕಾರಿಗೊಂದು ಪೆಟ್ಟಿಗೆ ಅನ್ನುವ ಕಾಲ ಬಹುಮಟ್ಟಿಗೆ ಮುಗಿದಿತ್ತು. ನಿಮ್ಮದು 1924. ಅದಕ್ಕೇ ಪೆಟ್ಟಿಗೆ ಗಟ್ಟಿ ಅಂದದ್ದು.

ಇನ್ನು ಆ 'ಓ ಎನ್ ಟಿ'. ಫೋಟೋ ನೋಡಿ ನಾನು ಕುರ್ಚಿಯಿಂದ ಎದ್ದದ್ದು ಇದಕ್ಕೆ. ಅದು ಒಂಟಾರಿಯೋ, ಕೆನಡಾದ ಪ್ರಾಂತ್ಯ. ಅಲ್ಲಿ 'ಫೋರ್ಡ್' ಅಂದರೆ ಕಾರಿನ ಹೆಸರಲ್ಲ, ಊರಿನ ಹೆಸರು. 1904ರಲ್ಲಿ ಡೆಟ್ರಾಯಿಟ್ ನದಿಯ ಆಚೆ ದಡದಲ್ಲಿ, ವಾಕರ್‌ವಿಲ್‌ನಲ್ಲಿ, ಕೆನಡಾದ ಫೋರ್ಡ್ ಕಂಪನಿ ಶುರುವಾಯಿತು. ಬ್ರಿಟನ್, ಐರ್ಲೆಂಡ್ ಬಿಟ್ಟು ಉಳಿದ ಬ್ರಿಟಿಷ್ ಸಾಮ್ರಾಜ್ಯಕ್ಕೆಲ್ಲ ಫೋರ್ಡ್ ಮಾರುವ ಹಕ್ಕು ಆ ಕಂಪನಿಯದು. ಇಂಡಿಯಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಿಗೆ ಬಲಗಡೆ ಸ್ಟಿಯರಿಂಗಿನ ಫೋರ್ಡು ಹೊರಡುತ್ತಿದ್ದದ್ದು ಅಲ್ಲಿಂದ. ಕಾರ್ಖಾನೆ ಸುತ್ತ ಬೆಳೆದ ಊರಿಗೆ ಫೋರ್ಡ್ ಅಂತಲೇ ಹೆಸರಾಗಿ, ಕಂಪನಿಯ ವಿಳಾಸವೂ 'ಫೋರ್ಡ್, ಒಂಟಾರಿಯೋ' ಆಯಿತು. ಹಾಗಾಗಿ ಅಮೆರಿಕದಿಂದ ಬಂತು ಅನ್ನುವುದು ತಪ್ಪಿದ್ದು ಒಂದು ನದಿಯ ಅಗಲದಷ್ಟು. ಹಳೇದೆಂದು ನಂಬಿಸಲು ಯಾರಾದರೂ ಈಗ ಅಕ್ಷರ ಬರೆಸಿದ್ದರೆ 'ಡೆಟ್ರಾಯಿಟ್' ಅಂತ ಬರೆಸುತ್ತಿದ್ದರು. 'ಓ ಎನ್ ಟಿ' ಹೊಳೆಯುತ್ತಿರಲಿಲ್ಲ.

ಪೆಟ್ಟಿಗೆಯ ಒಳಗೆ ಕಾರು ಹೇಗೆ ಕೂತಿರುತ್ತಿತ್ತು? ಸರಳವಾಗಿ ಹೇಳುವುದಾದರೆ, ಪೆಟ್ಟಿಗೆಯೊಳಗೆ ಕಾರು ಇಡುತ್ತಿರಲಿಲ್ಲ, ಕಾರಿನ ಸುತ್ತ ಪೆಟ್ಟಿಗೆ ಕಟ್ಟುತ್ತಿದ್ದರು. ಮೊದಲು ಬುಡ. ಉದ್ದಕ್ಕೆ ದಪ್ಪ ತೊಲೆಗಳು, ಅವುಗಳ ಕೆಳಗೆ ಹಡಗಿನ ಕ್ರೇನಿನ ಹಗ್ಗ ತೂರುವಷ್ಟು ಸಂದು. ಬುಡದ ಮೇಲೆ ಅಡ್ಡ ತೊಲೆಗಳು, ಅವುಗಳ ಮೇಲೆ ಚಕ್ರ ಬಿಚ್ಚಿದ ಆಕ್ಸಲ್ (ಎಡ, ಬಲ ಚಕ್ರಗಳನ್ನು ಸೇರಿಸುವ ಅಚ್ಚು) ಕೂರಿಸಿ ಬೋಲ್ಟ್ ಹಾಕಿ ಬಿಗಿಯುವುದು. ಸ್ಪ್ರಿಂಗ್ ಕುಣಿಯದ ಹಾಗೆ ಮರದ ಗುಟ್ಟ ಕೊಡುವುದು. ಇದು ಮುಖ್ಯ. ವಾರಗಟ್ಟಲೆ ಹಡಗು ಹೊಯ್ದಾಡುವಾಗ ಸ್ಪ್ರಿಂಗ್ ಮೇಲೆ ಕಾರು ತೂಗಾಡುತ್ತಿದ್ದರೆ ಬೋಲ್ಟ್ ಸಡಿಲಾಗಿ, ಕಾರು ತನ್ನ ಪೆಟ್ಟಿಗೆಯನ್ನು ತಾನೇ ಒಳಗಿನಿಂದ ಒಡೆಯುತ್ತದೆ. ಆಮೇಲೆ ಚಕ್ರಗಳನ್ನು ಪಕ್ಕದಲ್ಲಿ ಕಟ್ಟಿ, ಸೀಟು, ದೀಪ, ಸಲಕರಣೆ ಸಣ್ಣ ಪೆಟ್ಟಿಗೆಗೆ ತುಂಬಿ ಒಳಗಿಟ್ಟು, ಕೊನೆಗೆ ನಾಲ್ಕು ಗೋಡೆ, ಮುಚ್ಚಳ. ಪೆಟ್ರೋಲ್, ನೀರು ಎರಡೂ ಖಾಲಿ.

ಅಲುಗಾಟಕ್ಕಿಂತ ದೊಡ್ಡ ಶತ್ರು ತೇವ. ಸಮುದ್ರದ ನೀರು ಸಿಡಿದು ತುಕ್ಕು ಹಿಡಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅದು ಅಷ್ಟಿಲ್ಲ. ಕೆನಡಾದ ಚಳಿಯಲ್ಲಿ ತುಂಬಿದ ಕಬ್ಬಿಣ ತಣ್ಣಗಿರುತ್ತದೆ. ಹಡಗು ಸೂಯೆಜ್ ದಾಟಿ ಕೆಂಪು ಸಮುದ್ರಕ್ಕೆ, ಅರಬ್ಬೀ ಸಮುದ್ರಕ್ಕೆ ಬರುವಾಗ ಬಿಸಿಯಾದ, ತೇವದ ಗಾಳಿ ಒಳಗೆ ನುಗ್ಗುತ್ತದೆ. ಫ್ರಿಜ್ಜಿನಿಂದ ತೆಗೆದ ಹಾಲಿನ ಪಾತ್ರೆಯ ಹೊರಮೈ ಬೆವರುವ ಹಾಗೆ ಎಂಜಿನ್ ಬೆವರುತ್ತದೆ. ಅದಕ್ಕೇ ಹೊಳಪಿನ ಲೋಹಕ್ಕೆಲ್ಲ ಕೊಬ್ಬು ಮತ್ತು ಬಿಳಿ ಸೀಸದ ಲೇಪ ಬಳಿಯುವುದು ಅಂದಿನ ಯಂತ್ರದವರ ರೂಢಿ. ಪೆಟ್ಟಿಗೆಯ ಒಳಮೈಗೆ ಟಾರು ಕಾಗದ. ದುಬಾರಿ ಸಾಮಾನಿಗೆ ತವರ ಅಥವಾ ಸತುವಿನ ತಗಡು ಹೊದಿಸಿ ಬೆಸುಗೆ ಹಾಕಿದ ಒಳಪೆಟ್ಟಿಗೆ. ಒಮ್ಮೆ ಒಂದು ಹಳೇ ಷಾಸಿ ತೊಳೆಯುವಾಗ ಸ್ಪ್ರಿಂಗಿನ ಪಟ್ಟಿಗಳ ನಡುವೆ ಒಣಗಿದ ಸುಣ್ಣದಂಥ ಬಿಳಿ ಗಟ್ಟಿ ಸಿಕ್ಕಿತು. ಉಗುರಿನಲ್ಲಿ ಕೆರೆದರೆ ಒಳಗೆ ಇನ್ನೂ ಜಿಡ್ಡು. ಜೊತೆಗಿದ್ದ ಕೆಲಸದ ಹುಡುಗ ಮೂಸಿ ನೋಡಲು ಹೋದ, ಕೈ ಹಿಡಿದು ನಿಲ್ಲಿಸಿದೆ. ಸೀಸ ವಿಷ. ಈ ಮಾತನ್ನು ಕೊನೆಗೆ ಮತ್ತೆ ಎತ್ತುತ್ತೇನೆ.

ಹಾಗಾದರೆ ಪೆಟ್ರೋಲ್ ಹುಯ್ದು ಹ್ಯಾಂಡಲ್ ತಿರುಗಿಸಿದ್ದೇ ತಡ ಹೊರಟಿತು ಅನ್ನುವ ಮಾತು? ಆ ಲೇಪವನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆಯಬೇಕು, ಚಕ್ರ ಕೂರಿಸಬೇಕು, ಸ್ಟಿಯರಿಂಗ್ ಜೋಡಿಸಬೇಕು, ಗ್ರೀಸು, ಎಣ್ಣೆ ತುಂಬಬೇಕು. ಅದರ ಮೇಲೆ ಎಂಜಿನ್ನಿಗೆ ಕಿಡಿ ಕೊಡುವ ಮಾಡೆಲ್ ಟಿಯ ನಾಲ್ಕು ಇಗ್ನಿಷನ್ ಕಾಯಿಲ್‌ಗಳು ಮರದ ಪುಟ್ಟ ಡಬ್ಬಿಗಳಲ್ಲಿ ಇರುತ್ತವೆ. ತೇವ ಹೀರಿದರೆ ಕಿಡಿಯೇ ಹುಟ್ಟದು. ನಾನು ಅವನ್ನು ಹಪ್ಪಳದ ಹಾಗೆ ಬಿಸಿಲಿಗೆ ಹರಡಿದ್ದೇನೆ. ಗೊತ್ತಿರುವ ಫಿಟ್ಟರಿಗೂ ಒಂದು ದಿನದ ಕೆಲಸ, ಹೊಸಬನಿಗೆ ಮೂರು. ಮನೆಯ ಕಥೆಯಲ್ಲಿ ಫಿಟ್ಟರ್ ಕಳೆದುಹೋಗಿ ಹ್ಯಾಂಡಲ್ ಮಾತ್ರ ಉಳಿದಿದೆ, ಅಷ್ಟೆ.

ಈಗ ಘಾಟಿ. ಕಾರು ಅರ್ಧ ಟನ್ನಿನ ಮೇಲೆ, ಪೆಟ್ಟಿಗೆಯ ಮರ ಸೇರಿದರೆ ಇನ್ನೂ ಭಾರ. ಹತ್ತಡಿ ಉದ್ದ, ಐದಡಿ ಅಗಲದ ಈ ಗೂಡನ್ನು ಎತ್ತಿನ ಗಾಡಿಯ ಮೇಲಿಟ್ಟು ಚಾರ್ಮಾಡಿಯ ತಿರುವುಗಳಲ್ಲಿ ಏರಿಸುವುದು ಆಗದ ಮಾತು ಅನ್ನಲಾರೆ, ಆದರೆ ಯಾಕೆ ಏರಿಸಬೇಕು? ಚಕ್ರವಿರುವ ಸಾಮಾನನ್ನು ಚಕ್ರ ಬಿಚ್ಚಿ ಹೊರುವ ಜನ ನಮ್ಮ ಮಲೆನಾಡಿನವರಲ್ಲ. ಇನ್ನೊಂದು, ಹಲಗೆ ಮೇಲೆ 'ಬಾಂಬೆ' ಇದೆ, ಮಂಗಳೂರು ಇಲ್ಲ. ಆಗಿನ ಮಂಗಳೂರು ಬಂದರಿನಲ್ಲಿ ದೊಡ್ಡ ಹಡಗು ದಡಕ್ಕೆ ಬರುತ್ತಿರಲಿಲ್ಲ. ಹೊರಗೆ ಲಂಗರು ಹಾಕಿ, ಸಾಮಾನನ್ನು ದೋಣಿಗೆ ಇಳಿಸಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಕಡಲ ಮೇಲೆ ಕುಣಿಯುವ ದೋಣಿಗೆ ಈ ಪೆಟ್ಟಿಗೆಯನ್ನು ಇಳಿಸುವ ದೃಶ್ಯ ನೆನೆಸಿಕೊಂಡರೆ, ಕೈ ಸುಟ್ಟುಕೊಂಡ ಡೀಲರುಗಳು ಮುಂಬೈಯ ಹಡಗುಕಟ್ಟೆಯನ್ನೇ ಯಾಕೆ ನೆಚ್ಚಿದರು ಅನ್ನುವುದು ಅರ್ಥವಾಗುತ್ತದೆ.

ಮುಂಬೈಯಿಂದ ಮುಂದೆ ಎರಡು ದಾರಿ. ಒಂದು, ಅಲ್ಲೇ ಜೋಡಿಸಿ ಕರಾವಳಿ ಹಡಗಿನಲ್ಲೋ ರಸ್ತೆಯಲ್ಲೋ ತರುವುದು. ಇನ್ನೊಂದು ರೈಲು. ಪುಣೆವರೆಗೆ ಬ್ರಾಡ್‌ಗೇಜ್, ಅಲ್ಲಿ ಪೆಟ್ಟಿಗೆಯನ್ನು ಮೀಟರ್‌ಗೇಜ್ ವ್ಯಾಗನ್ನಿಗೆ ದಾಟಿಸಿ, ಹುಬ್ಬಳ್ಳಿ ಮೇಲಿಂದ ಕಡೂರು. ನನ್ನನ್ನು ಕೇಳಿದರೆ ನಿಮ್ಮ ಪೆಟ್ಟಿಗೆ ಒಡೆದದ್ದು ಕಡೂರಿನಲ್ಲೋ ಬೀರೂರಿನಲ್ಲೋ ಆಗಿದ್ದೀತು. ಕಾರು ತನ್ನ ಕಾಲ ಮೇಲೆ ಚಿಕ್ಕಮಗಳೂರು ದಾಟಿ ಮನೆಗೆ ಬಂತು. ಹಿಂದೆಯೇ ಎತ್ತಿನ ಗಾಡಿಯಲ್ಲಿ ಬಂದದ್ದು ಹಲಗೆ. ಆ ಕಾಲದ ಯಜಮಾನರು ಅಷ್ಟು ಒಳ್ಳೆ ಮರವನ್ನು ಸ್ಟೇಷನ್ನಿನಲ್ಲಿ ಬಿಟ್ಟು ಬರುತ್ತಾರೆಯೇ? ಗಾಡಿಯಲ್ಲಿ ಪೆಟ್ಟಿಗೆ ಬಂದದ್ದನ್ನು ಕಂಡ ಮಕ್ಕಳು ಕಾರೂ ಅದರೊಳಗೇ ಬಂತು ಅಂದುಕೊಂಡಿರಬಹುದು. ಇದು ನನ್ನ ಊಹೆ. ಹಳೇ ಲೆಕ್ಕದ ಪುಸ್ತಕದಲ್ಲಿ ರೈಲು ರಸೀದಿ ಸಿಕ್ಕರೆ ನನಗೂ ತಿಳಿಸಿ.

ಚಿಕ್ಕಪ್ಪನವರ ಕಾಲಡಿ ಹಲಗೆ ಕಥೆ ಜಗತ್ತಿನಾದ್ಯಂತ ಓಡಾಡುತ್ತದೆ. ಬಿಡಿಭಾಗ ಒದಗಿಸುವವರಿಗೆ ಹೆನ್ರಿ ಫೋರ್ಡ್, ಇಂಥದೇ ಅಳತೆಯ ಹಲಗೆಯಲ್ಲಿ, ಇಂಥಲ್ಲೇ ತೂತು ಕೊರೆದ ಪೆಟ್ಟಿಗೆಯಲ್ಲಿ ಕಳಿಸಿ ಅಂತ ಕಟ್ಟಪ್ಪಣೆ ಮಾಡಿದ್ದ, ಆಮೇಲೆ ಅದೇ ಹಲಗೆ ಕಾರಿನ ನೆಲವಾಯಿತು ಅಂತ. ನನಗೆ ನಂಬಿಕೆ ಬಂದಿಲ್ಲ. ಫೋರ್ಡ್ ಮರ ದಂಡ ಮಾಡುತ್ತಿರಲಿಲ್ಲ ಅನ್ನುವುದು ಖರೆ. ಮಿಷಿಗನ್ನಿನ ಐರನ್ ಮೌಂಟನ್ ಬಳಿಯ ಕಾರ್ಖಾನೆಯಲ್ಲಿ ಉಳಿದ ಮರದ ಚೂರಿನಿಂದ ಇದ್ದಿಲಿನ ಉಂಡೆ ಮಾಡಿ ಮಾರಿದ್ದಾರೆ. ಆದರೆ ಕಥೆ ನಿಜವೇ ಅಂತಿಟ್ಟುಕೊಂಡರೂ ಅದು ಕಾರ್ಖಾನೆಗೆ ಒಳಬರುವ ಪೆಟ್ಟಿಗೆಯ ಮಾತು. ನಿಮ್ಮದು ಹೊರಹೋದ ಪೆಟ್ಟಿಗೆ. ಅದರೊಳಗೆ ಕೂತಿದ್ದ ಕಾರಿಗೆ ನೆಲ ಆಗಲೇ ಇತ್ತು! ಚಿಕ್ಕಪ್ಪನವರಿಗೆ ಇಷ್ಟು ಹೇಳಿದರೆ ಸಾಕು, ಜಗಳ ಬೇಡ.

ಫೋಟೋದಲ್ಲಿ ಕಂಡಷ್ಟು ಹೇಳುತ್ತೇನೆ. ಒಂಬತ್ತೂ ಒಂದೇ ಪೆಟ್ಟಿಗೆಯದಲ್ಲ. ಎರಡಡಿಗಿಂತ ಗಿಡ್ಡವಾದ ತೆಳು ಹಲಗೆಗಳು ಐದಿವೆಯಲ್ಲ, ಅವು ಸೀಮೆಎಣ್ಣೆ ಪೆಟ್ಟಿಗೆಯವು ಇರಬೇಕು. ಆಗ ಎರಡು ಡಬ್ಬಿ ಸೀಮೆಎಣ್ಣೆಗೆ ಒಂದು ಮರದ ಪೆಟ್ಟಿಗೆ ಬರುತ್ತಿತ್ತು. ದೇಶದ ತುಂಬ ಆ ಹಲಗೆಯಲ್ಲಿ ಕಪಾಟು, ಕೋಳಿಗೂಡು ಮಾಡಿಕೊಂಡಿದ್ದಾರೆ. ಅಕ್ಷರವಿರುವ ಎರಡು ಉದ್ದ ಹಲಗೆ ಮತ್ತು ತೊಲೆ, ಇವು ಮೂರು ಕಾರಿನವು ಅನ್ನುವ ಕಡೆ ನನ್ನ ಒಲವು. ಉಳಿದೆರಡು ಫೋಟೋದಲ್ಲಿ ನಿರ್ಧಾರವಾಗದು. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಲಗೆಯ ಅಡ್ಡ ತುದಿಯನ್ನು ಹೊಸ ಬ್ಲೇಡಿನಲ್ಲಿ ಒಂದು ಉಗುರಿನಷ್ಟು ನಯವಾಗಿ ಕೆತ್ತಿ, ಎಂಜಲು ಸವರಿ, ಭೂತಗನ್ನಡಿಯಲ್ಲಿ ನೋಡಿ. ಸೂಜಿ ಚುಚ್ಚಿದ ಹಾಗೆ ಸಣ್ಣ ತೂತುಗಳು ಕಂಡರೆ ಅದು ನಮ್ಮ ಹಲಸು, ಮತ್ತಿ, ಹೊನ್ನೆಯಂಥ ಮರ. ತೂತಿಲ್ಲದೆ ಬರೀ ಗೆರೆಗೆರೆಯಾಗಿ ಕಂಡರೆ ಪೈನ್ ಜಾತಿ, ನಮ್ಮ ಕಡೆ ಪೆಟ್ಟಿಗೆ ಮರಕ್ಕೆಲ್ಲ ದೇವದಾರು ಅನ್ನುತ್ತಾರಲ್ಲ, ಅದು. ಕೆತ್ತಿದ ತಕ್ಷಣ ಟರ್ಪೆಂಟೈನ್ ವಾಸನೆಯೂ ಬರಬಹುದು. ಮೊಳೆ ನೋಡಿ ಕಾಲ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ, ದುಂಡು ಮೊಳೆ 1924ರಲ್ಲೂ ಅದೇ, 1964ರಲ್ಲೂ ಅದೇ.

ಇಂಥ ಮೆದು ಮರ ನಮ್ಮ ಮಳೆಗೆ, ಗೆದ್ದಲಿಗೆ ಹತ್ತು ವರ್ಷ ತಡೆಯುವುದು ಕಷ್ಟ. ನೂರು ವರ್ಷ ಉಳಿದದ್ದು ಒಲೆಯ ಹೊಗೆಯಿಂದ. ನಿಮ್ಮ ಅಜ್ಜಿಯರು ದಿನವೂ ಹೊಗೆ ಹಾಕಿ ಕಾಪಾಡಿದ್ದಾರೆ.

ಈಗ ಏನು ಮಾಡುವುದು ಅನ್ನುವ ಮಾತು. ಪಾಲಿಶ್ ಬೇಡವೇ ಬೇಡ. ಸ್ಯಾಂಡ್‌ಪೇಪರ್ ಮುಟ್ಟಿಸಿದರೆ ಅಕ್ಷರ ಹೋಗುತ್ತದೆ, ಅಕ್ಷರ ಹೋದರೆ ಉಳಿಯುವುದು ಸೌದೆ. ಮೇಲಾಗಿ ತೊಲೆಯ ಬೋಲ್ಟ್ ತೂತಿನ ಸುತ್ತ ಕಾಣುವ ಬಿಳಿ ಕಲೆ ಆ ಸೀಸದ ಲೇಪವೇ ಆಗಿದ್ದರೆ, ಉಜ್ಜಿದ ಪುಡಿ ಮನೆಯವರ ಶ್ವಾಸಕ್ಕೆ. ಮೆದು ಬ್ರಷ್ಷಿನಲ್ಲಿ ಮಸಿ ಉದುರಿಸಿ, ಒದ್ದೆ ಬಟ್ಟೆಯನ್ನು ಅಕ್ಷರದ ಹತ್ತಿರ ತರಬೇಡಿ, ತೊಲೆ ಮುಟ್ಟಿದ ಕೈ ತೊಳೆದುಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ. ಅಟ್ಟದಲ್ಲೇ ಮತ್ತೆ ಹಾಕುವುದು ಸುಲಭ, ಆದರೆ ಈಗ ನಿಮ್ಮಲ್ಲಿ ಗ್ಯಾಸ್ ಒಲೆ, ಹೊಗೆಯಿಲ್ಲ. ಗೆದ್ದಲು ಎರಡು ಮಳೆಗಾಲದಲ್ಲಿ ಕಂಡುಹಿಡಿಯುತ್ತದೆ. ಗೋಡೆಗೆ ತಾಗದಂತೆ, ಗಾಳಿಯಾಡುವಲ್ಲಿ ಇಡಿ.

ಬೆಂಗಳೂರಿನವರಿಗೆ ಮಾರುವುದಾದರೆ ಆತುರ ಬೇಡ. ಎಲ್ಲವನ್ನೂ ಒಟ್ಟಿಗೆ ಕೇಳುತ್ತಿದ್ದಾರೆ ಅಂದರೆ ಅವರಿಗೆ ಬೇಕಾದದ್ದು ಆ ಎರಡೇ ಇರಬಹುದು. 'ಅಪ್ಪಟ ಮಾಡೆಲ್ ಟಿ ಪೆಟ್ಟಿಗೆ' ಅಂತ ನೀವು ಬರೆದುಕೊಡಲೂ ಹೋಗಬೇಡಿ. ಈ ವ್ಯಾಪಾರದಲ್ಲಿ ಮೋಸ ಎರಡೂ ಕಡೆ ಇದೆ. ಒಮ್ಮೆ ಒಬ್ಬರು ನನಗೆ '1920ರ ಕಾರಿನ ಪೆಟ್ಟಿಗೆ' ತೋರಿಸಿದರು, ಮೂಲೆಯಲ್ಲಿ ಗೋಧಿ ತೆನೆಯ ಚಿತ್ರದ ಮುದ್ರೆ. ಅದು ರಫ್ತಿನ ಮರದಲ್ಲಿ ಹುಳು ಇರದಂತೆ ಕಾಯಿಸಿದ್ದಕ್ಕೆ ಒತ್ತುವ ಗುರುತು. ಆ ಅಂತರರಾಷ್ಟ್ರೀಯ ನಿಯಮ ಬಂದದ್ದೇ 2002ರಲ್ಲಿ. ಪೆಟ್ಟಿಗೆಗೆ ಇಪ್ಪತ್ತು ವರ್ಷವೂ ಆಗಿರಲಿಲ್ಲ.

ಮೆಲ್ಬರ್ನ್‌ಗೆ ಕಳಿಸುವುದು ಮೂರರಲ್ಲಿ ಕಷ್ಟದ ದಾರಿ. ಆಸ್ಟ್ರೇಲಿಯಾದವರು ಮರದ ವಸ್ತುವಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೇಳದೆ ಒಯ್ದರೆ ದಂಡ, ಹೇಳಿದರೂ ಹುಳು ತಿಂದ ತೂತು ಕಂಡರೆ ಔಷಧ ಹೊಡೆಸಬೇಕು, ಇಲ್ಲವೇ ಅಲ್ಲೇ ನಾಶ. ಈ ಕಡೆ, ನೂರು ವರ್ಷ ತುಂಬಿದ ವಸ್ತು ಅಂತಾದರೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರಬಹುದು. ಪೆಟ್ಟಿಗೆ ಹಲಗೆಗೆ ಕಾಯ್ದೆಯೇ ಅಂತ ನಗಬೇಡಿ, ಪಾರ್ಸಲ್ ಚೀಟಿಯಲ್ಲಿ '1924' ಅಂತ ನೀವೇ ಬರೆದರೆ ಕಸ್ಟಮ್ಸಿನವರು ಪುರಾತತ್ವ ಇಲಾಖೆಯ ಕಾಗದ ಕೇಳಿದರೂ ಕೇಳಿಯಾರು. ಮಗ ಊರಿಗೆ ಬಂದಾಗ ನೋಡಲಿ. ಅಲ್ಲಿಯವರೆಗೆ ಅಕ್ಷರದ ದೊಡ್ಡ ಫೋಟೋ ಕಳಿಸಿ.

ಒಂದು ಕೆಲಸ ಬಾಕಿ. ಆ ತೊಲೆಯಲ್ಲಿ ಎರಡು ಜೋಡಿ ತೂತು ಕಾಣುತ್ತಿವೆ. ಆಕ್ಸಲ್ ಬಿಗಿದ ತೊಲೆಯೇ ಅದಾಗಿದ್ದರೆ, ಒಂದು ಜೋಡಿಯಿಂದ ಇನ್ನೊಂದು ಜೋಡಿಗೆ ಇರುವ ದೂರ 56 ಇಂಚಿಗಿಂತ ಕಡಿಮೆ ಇರಬೇಕು, ಯಾಕೆಂದರೆ ಮಾಡೆಲ್ ಟಿಯ ಎಡ ಚಕ್ರಕ್ಕೂ ಬಲ ಚಕ್ರಕ್ಕೂ ಅಷ್ಟೇ ಅಂತರ. ಟೇಪು ಹಿಡಿದು ಅಳೆದು ತಿಳಿಸಿ. ಜಾಸ್ತಿ ಬಂದರೆ ನನ್ನ ಮಾತನ್ನು ಅಷ್ಟರ ಮಟ್ಟಿಗೆ ವಾಪಸು ತೆಗೆದುಕೊಳ್ಳುತ್ತೇನೆ.